ಉಳಿದ ಉಸಿರನ್ನು ದುಡಿಸುವ ವಿದ್ಯೆ

ಕ್ಷಯಕ್ಕಾಗಿ ಶ್ವಾಸಕೋಶದ ಒಂದು ಭಾಗ ತೆಗೆಸಿಕೊಂಡು ಊರಿಗೆ ಬಂದವರಿಗೆ ನೆಂಟರಿಷ್ಟರೆಲ್ಲ ಹೇಳುವ ಮಾತು ಒಂದೇ: ‘ಇನ್ನು ಸುಮ್ನೆ ರೆಸ್ಟ್ ತಗೋ, ಭಾರ ಗೀರ ಎತ್ತಬೇಡ.’ ಹೇಳುವವರ ಕಾಳಜಿಯನ್ನು ಅನುಮಾನಿಸಬೇಕಿಲ್ಲ. ಆದರೆ ಹಾಸನ ಜಿಲ್ಲೆಯ ಅರಕಲಗೂಡಿನಲ್ಲಿ ಒಂದೆರಡು ಎಕರೆ ತಂಬಾಕು, ರಾಗಿಯನ್ನು ನಂಬಿದವರಿಗೆ, ಹೊಳೆನರಸೀಪುರದ ಗದ್ದೆಗಳಲ್ಲಿ ಕೂಲಿ ಮಾಡುವವರಿಗೆ, ಚನ್ನರಾಯಪಟ್ಟಣದ ತೋಟಗಳಲ್ಲಿ ಕಾಯಿ ಸುಲಿಯುವವರಿಗೆ, ಹಾಸನದಲ್ಲಿ ಆಲೂಗಡ್ಡೆ ಮೂಟೆ ಹೊರುವವರಿಗೆ ಆ ಮಾತಿನ ಅರ್ಥ ದುಡಿಮೆ ಮುಗಿಯಿತು ಎಂದೇ. ಮೂರು ತಿಂಗಳು ಮಂಚ ಹಿಡಿದ ಮೇಲೆ ಕಾಲಿನ ಕಸುವು ಇಳಿಯುತ್ತದೆ. ಬಚ್ಚಲಿಗೆ ಹೋಗಿಬಂದರೂ ದಮ್ಮು ಕಟ್ಟುತ್ತದೆ. ‘ಆಪರೇಷನ್ ಮಾಡಿಸಿದ ಮೇಲೇ ಹಿಂಗಾಯ್ತು’ ಎಂದು ಮನೆಯವರು ನೊಂದುಕೊಳ್ಳುತ್ತಾರೆ.

ಆ ಸುಸ್ತಿನಲ್ಲಿ ಶಸ್ತ್ರಚಿಕಿತ್ಸೆಯ ಪಾಲು ಎಷ್ಟು, ಮಂಚದ ಪಾಲು ಎಷ್ಟು ಎಂಬುದನ್ನು ವೈದ್ಯವಿಜ್ಞಾನ ಬಿಡಿಸಿ ನೋಡಿದೆ. ಮಂಚದ ಪಾಲು ನಾವು ಊಹಿಸುವುದಕ್ಕಿಂತ ಹೆಚ್ಚು, ಮತ್ತು ಅದನ್ನು ಹಿಂತಿರುಗಿಸಬಹುದು. ಹಿಂತಿರುಗಿಸುವ ಕ್ರಮಕ್ಕೆ ಶ್ವಾಸಕೋಶ ಪುನಶ್ಚೇತನ ಎನ್ನುತ್ತಾರೆ. ಅದಕ್ಕೆ ದುಬಾರಿ ಯಂತ್ರಗಳು ಬೇಡ. ಗೊತ್ತಿರುವವರು ಕಲಿಸಬೇಕು, ಕಲಿತವರು ಬಿಡದೆ ಮಾಡಬೇಕು.

ಯಾರಿಗೆ ಈ ಶಸ್ತ್ರಚಿಕಿತ್ಸೆ?

ಬಹುಪಾಲು ಕ್ಷಯರೋಗಿಗಳಿಗೆ ಚಾಕು ತಾಗುವುದೇ ಇಲ್ಲ. ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಗಳು ಎರಡು ತಿಂಗಳು, ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಮತ್ತೆ ನಾಲ್ಕು ತಿಂಗಳು. ಆರು ತಿಂಗಳ ಈ ಚಿಕಿತ್ಸೆಯಲ್ಲೇ ರೋಗ ವಾಸಿಯಾಗುತ್ತದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೂ ಬೆಡಾಕ್ವಿಲಿನ್ ಒಳಗೊಂಡ ಆರು ತಿಂಗಳ ಚಿಕಿತ್ಸೆಗೆ ಭಾರತ 2024ರಲ್ಲಿ ಒಪ್ಪಿಗೆ ಕೊಟ್ಟಿದೆ.

ಶಸ್ತ್ರಚಿಕಿತ್ಸೆ ಉಳಿದಿರುವುದು ಕೆಲವೇ ಸಂದರ್ಭಗಳಿಗೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಒಂದೇ ಕಡೆಯ ದಪ್ಪಗೋಡೆಯ ಕುಳಿಯಲ್ಲಿ ಮನೆಮಾಡಿರಬಹುದು. ಅಲ್ಲಿಗೆ ರಕ್ತ ಸರಿಯಾಗಿ ಹರಿಯದ ಕಾರಣ ಔಷಧವೂ ತಲುಪುವುದಿಲ್ಲ. ಹಳೆಯ ಕುಳಿಯೊಳಗೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಉಂಡೆಕಟ್ಟಿಕೊಂಡು ರಕ್ತನಾಳವನ್ನು ಕೆರೆದು, ಬಾಯಿತುಂಬ ರಕ್ತ ಬರುವಂತೆ ಮಾಡಬಹುದು. ಒಂದಿಡೀ ಹಾಲೆ ನಾಶವಾಗಿ ಬರೀ ಕೀವಿನ ಚೀಲವಾಗಿರಬಹುದು. ಎದೆಗೂಡಿನಲ್ಲಿ ಕೀವು ತುಂಬಿ, ಶ್ವಾಸಕೋಶದ ಸುತ್ತ ಗಟ್ಟಿ ಪೊರೆ ಬೆಳೆದು ಅದನ್ನು ಹಿಗ್ಗಲು ಬಿಡದಿರಬಹುದು. ಆಗ ಕೆಟ್ಟ ಭಾಗವನ್ನು ತೆಗೆಯುವುದು ಅಥವಾ ಪೊರೆ ಸುಲಿಯುವುದು ಅನಿವಾರ್ಯವಾಗುತ್ತದೆ. ಔಷಧಕ್ಕೆ ಬಗ್ಗದ ಕ್ಷಯದಲ್ಲಿ ಆಯ್ದ ರೋಗಿಗಳಿಗೆ ಔಷಧದ ಜೊತೆಗೇ ಶ್ವಾಸಕೋಶದ ಭಾಗವನ್ನು ತೆಗೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯೂ ಹೇಳಿದೆ. ‘ಜೊತೆಗೇ’ ಎಂಬುದನ್ನು ಮರೆಯಬಾರದು: ಕೆಟ್ಟ ಭಾಗ ಹೋಯಿತೆಂದು ಮಾತ್ರೆ ನಿಲ್ಲಿಸುವಂತಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಉಳಿದೇ ಇರುತ್ತವೆ.

ಹತ್ತೊಂಬತ್ತು ತುಂಡುಗಳ ಲೆಕ್ಕ

ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಶಸ್ತ್ರವೈದ್ಯರು ಈ ಹಾಲೆಗಳನ್ನು ಇನ್ನೂ ಸಣ್ಣ ತುಂಡುಗಳಾಗಿ ಎಣಿಸುತ್ತಾರೆ: ಬಲದ ಮೇಲಿನ ಹಾಲೆಯಲ್ಲಿ 3, ನಡುವಿನದರಲ್ಲಿ 2, ಕೆಳಗಿನದರಲ್ಲಿ 5, ಎಡದ ಮೇಲಿನದರಲ್ಲಿ 5, ಕೆಳಗಿನದರಲ್ಲಿ 4. ಒಟ್ಟು 19. ಒಬ್ಬರು ಒಂದು ಸೆಕೆಂಡಿನಲ್ಲಿ ಜೋರಾಗಿ ಊದಿ ಹೊರಹಾಕುವ ಗಾಳಿ 1.9 ಲೀಟರ್ ಎಂದಿಟ್ಟುಕೊಳ್ಳಿ. ಬಲದ ಮೇಲಿನ ಹಾಲೆ ತೆಗೆದರೆ 16 ತುಂಡು ಉಳಿಯುತ್ತವೆ, ಗಾಳಿ ಸುಮಾರು 1.6 ಲೀಟರ್. ಎಡ ಶ್ವಾಸಕೋಶವನ್ನೇ ತೆಗೆದರೆ 10 ತುಂಡು, ಸುಮಾರು 1 ಲೀಟರ್. ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರು ಈ ಲೆಕ್ಕ ಹಾಕಿ, ಉಳಿಯುವುದು ಬದುಕಿಗೆ ಸಾಕೇ ಎಂದು ತೂಗಿ ನೋಡುತ್ತಾರೆ.

ಕ್ಷಯರೋಗಿಯ ವಿಷಯದಲ್ಲಿ ಈ ಲೆಕ್ಕಕ್ಕೆ ಒಂದು ಸಮಾಧಾನದ ತಿದ್ದುಪಡಿಯಿದೆ. ತೆಗೆದ ಹಾಲೆ ಮೊದಲೇ ನಾಶವಾಗಿದ್ದರೆ ಅದು ಉಸಿರಾಟಕ್ಕೆ ಏನೂ ಕೊಡುತ್ತಿರಲಿಲ್ಲ. ಆದ್ದರಿಂದ ನಿಜವಾದ ನಷ್ಟ ಲೆಕ್ಕಕ್ಕಿಂತ ಕಡಿಮೆ. ಎಕ್ಸ್‌ರೇಯಲ್ಲಿ ಅರ್ಧ ಎದೆ ಬೆಳ್ಳಗೆ ಕಂಡರೂ ತೋಟದಲ್ಲಿ ಓಡಾಡಿಕೊಂಡಿರುವವರು ಇರುವುದು ಇದರಿಂದಲೇ.

ಊದಿದ ಗಾಳಿಯನ್ನು ಅಳೆಯುವ ಸ್ಪೈರೋಮೀಟರ್ ಇಲ್ಲದ ಕಡೆ ವೈದ್ಯರಿಗೆ ಇನ್ನೊಂದು ಹಳೆಯ ಪರೀಕ್ಷೆ ಗೊತ್ತು: ಮೆಟ್ಟಿಲು ಹತ್ತಿಸುವುದು. ನಿಲ್ಲದೆ 22 ಮೀಟರ್ ಎತ್ತರ ಏರಬಲ್ಲವರಿಗೆ ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ಅಪಾಯ ಕಡಿಮೆ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಸಾಮಾನ್ಯ ಮೆಟ್ಟಿಲುಗಳಲ್ಲಿ ಅದು ಸುಮಾರು ನೂರಿಪ್ಪತ್ತರಿಂದ ನೂರೈವತ್ತು. ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ಇದನ್ನು ವಿವರಿಸುವುದು ಸುಲಭ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅದರ ಐದನೆಯ ಒಂದು ಭಾಗದಷ್ಟು ಏರುವ ಶಕ್ತಿ ಇದ್ದರೆ ದೇಹ ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳುವ ಭರವಸೆ ಇದೆ ಎಂದಾಯಿತು. ಈ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರೇ ಮಾಡಬೇಕು.

ಸ್ನಾಯುಗಳು ಕಲಿಯುವ ಪಾಠ

ಹೋದ ಹಾಲೆ ಮತ್ತೆ ಬೆಳೆಯುವುದಿಲ್ಲ. ಹಾಗಿದ್ದರೆ ವ್ಯಾಯಾಮದಿಂದ ಏನು ಬದಲಾಗುತ್ತದೆ? ಬದಲಾಗುವುದು ಕಾಲು, ತೋಳು ಮತ್ತು ಹೃದಯ.

ಮಂಚದಲ್ಲಿ ಬಿದ್ದ ದೇಹದ ಸ್ನಾಯು ಕರಗುತ್ತದೆ. ಉಳಿದ ಸ್ನಾಯುವಿನಲ್ಲೂ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಕಡಿಮೆಯಾಗುತ್ತವೆ, ರಕ್ತದ ಲೋಮನಾಳಗಳೂ ಕಡಿಮೆಯಾಗುತ್ತವೆ. ಅಂಥ ಸ್ನಾಯು ಸ್ವಲ್ಪ ಕೆಲಸಕ್ಕೇ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ಸುರಿಯುತ್ತದೆ. ಆ ಆಮ್ಲವನ್ನು ಸರಿದೂಗಿಸುವಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದನ್ನು ಹೊರಹಾಕಲು ಉಸಿರು ಜೋರಾಗುತ್ತದೆ. ಅಂದರೆ ಏದುಸಿರು ಎದೆಯಲ್ಲಿ ಕಂಡರೂ ಅದರ ಒಂದು ಕಾರಣ ತೊಡೆಯಲ್ಲಿರುತ್ತದೆ. ಕ್ರಮವಾಗಿ ನಡೆದ ತೊಡೆಯಲ್ಲಿ ಮೈಟೋಕಾಂಡ್ರಿಯಾ ಹೆಚ್ಚುತ್ತವೆ, ಲೋಮನಾಳ ಚಿಗುರುತ್ತವೆ, ಅಷ್ಟೇ ದೂರಕ್ಕೆ ಕಡಿಮೆ ಉಸಿರು ಸಾಕಾಗುತ್ತದೆ. ಕೆರೆಯಲ್ಲಿ ನೀರು ಕಮ್ಮಿಯಾದ ವರ್ಷ ತೂಬಿನ ನೀರನ್ನು ಹನಿ ಪೋಲಾಗದಂತೆ ಗದ್ದೆಗೆ ಹಾಯಿಸುವ ರೈತ ಮಾಡುವುದೂ ಇದನ್ನೇ.

ಜಪಾನಿನಲ್ಲಿ ಕ್ಷಯದಿಂದ ಶ್ವಾಸಕೋಶ ಹಾಳಾಗಿದ್ದವರನ್ನು ಧೂಮಪಾನಿಗಳಲ್ಲಿ ಹೆಚ್ಚಾಗಿ ಕಾಣುವ ಸಿಒಪಿಡಿ ಕಾಯಿಲೆಯವರ ಜೊತೆ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಪುನಶ್ಚೇತನದಿಂದ ಸಿಒಪಿಡಿಯವರಿಗೆ ಸಿಕ್ಕಷ್ಟೇ ಲಾಭ ಹಳೆಯ ಕ್ಷಯರೋಗಿಗಳಿಗೂ ಸಿಕ್ಕಿತ್ತು. ಅದುವರೆಗೆ ‘ಗಾಯವಾಗಿ ಒಣಗಿದ ಎದೆಗೆ ಏನು ಮಾಡಲು ಸಾಧ್ಯ’ ಎಂಬ ಭಾವನೆ ವೈದ್ಯರಲ್ಲೂ ಇತ್ತು.

ವಿಶ್ರಾಂತಿಯ ಕಾಲ, ದುಡಿಮೆಯ ಕಾಲ

ವಿಶ್ರಾಂತಿಯೇ ಔಷಧ ಎಂಬ ನಂಬಿಕೆಗೆ ಇತಿಹಾಸವಿದೆ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟರೂ ಅದನ್ನು ಕೊಲ್ಲುವ ಔಷಧ ಬಂದದ್ದು 1940ರ ದಶಕದಲ್ಲಿ, ಸ್ಟ್ರೆಪ್ಟೊಮೈಸಿನ್ ರೂಪದಲ್ಲಿ. ಅಲ್ಲಿಯತನಕ ಒಳ್ಳೆಯ ಗಾಳಿ, ಊಟ, ಮಂಚ. ಶ್ವಾಸಕೋಶಕ್ಕೂ ವಿಶ್ರಾಂತಿ ಕೊಡಲೆಂದು ಇಟಲಿಯ ಕಾರ್ಲೊ ಫೋರ್ಲಾನಿನಿ ಎದೆಗೂಡಿಗೆ ಗಾಳಿ ತುಂಬಿ ಅದನ್ನು ಕುಗ್ಗಿಸುವ ವಿಧಾನ ತಂದರು. ಮುಂದೆ ಥೊರಾಕೊಪ್ಲಾಸ್ಟಿ ಬಂತು: ಪಕ್ಕೆಲುಬುಗಳನ್ನೇ ತೆಗೆದು ಎದೆಯ ಆ ಭಾಗವನ್ನು ಒಳಕ್ಕೆ ಕುಸಿಯುವಂತೆ ಮಾಡುತ್ತಿದ್ದರು. ಬದುಕುಳಿದವರ ಹೆಗಲು ವಾಲುತ್ತಿತ್ತು, ಬೆನ್ನು ಸೊಟ್ಟಗಾಗುತ್ತಿತ್ತು.

ಮೈಸೂರು ಸಂಸ್ಥಾನಕ್ಕೆ ಈ ರೋಗ ಅರಮನೆಯ ದುಃಖವೂ ಆಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಮೈಸೂರಿನಲ್ಲಿ 1921ರಲ್ಲಿ ತೆರೆಯಿತು. ‘ಪಿಕೆಟಿಬಿ’ ಎಂದು ಇವತ್ತಿಗೂ ಕರೆಸಿಕೊಳ್ಳುವ ಆಸ್ಪತ್ರೆ ಅದೇ. ಎದೆಯ ಶಸ್ತ್ರಚಿಕಿತ್ಸೆಯ ವಿಭಾಗವನ್ನು ದಕ್ಷಿಣ ಭಾರತದಲ್ಲಿ ಬೇರೂರಿಸಿದವರು 1940ರ ದಶಕದ ಕೊನೆಯಲ್ಲಿ ವೆಲ್ಲೂರಿಗೆ ಬಂದ ರೀವ್ ಬೆಟ್ಸ್.

ಆಮೇಲೆ ಲೆಕ್ಕಾಚಾರವನ್ನೇ ಬುಡಮೇಲು ಮಾಡಿದ್ದು ಮದರಾಸಿನ ಪ್ರಯೋಗ. 1956ರಲ್ಲಿ ಶುರುವಾಗಿ 1959ರಲ್ಲಿ ವರದಿಯಾದ ಆ ಅಧ್ಯಯನ, ಸ್ಯಾನಟೋರಿಯಂನಲ್ಲಿ ಚೆನ್ನಾಗಿ ಉಂಡು ಮಲಗಿದವರಷ್ಟೇ ಮನೆಯಲ್ಲಿ ಮಾತ್ರೆ ನುಂಗಿದ ಬಡವರೂ ವಾಸಿಯಾಗುತ್ತಾರೆ ಎಂದು ಸಾಬೀತುಪಡಿಸಿತು. 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಬೆಂಗಳೂರಿನಲ್ಲಿ ಉದ್ಘಾಟಿಸಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಮನೆಮನೆಯ ಚಿಕಿತ್ಸೆಯನ್ನೇ ನೆಚ್ಚಿದ ರಾಷ್ಟ್ರೀಯ ಕಾರ್ಯಕ್ರಮವನ್ನು 1962ರ ಹೊತ್ತಿಗೆ ರೂಪಿಸಿತು. ಕ್ಷಯರೋಗಿ ಮಂಚ ಬಿಟ್ಟು ಏಳಬಹುದು ಎಂದು ಜಗತ್ತಿಗೆ ಹೇಳಿಕೊಟ್ಟ ನೆಲ ನಮ್ಮದು.

ಸ್ಯಾನಟೋರಿಯಂಗಳು ಮರೆಯಾದಾಗ ಅವುಗಳಲ್ಲಿದ್ದ ಒಂದು ಒಳ್ಳೆಯ ಅಭ್ಯಾಸವೂ ಮರೆಯಾಯಿತು. ಇಂಗ್ಲೆಂಡಿನ ಫ್ರಿಮ್ಲಿಯಲ್ಲಿ ಮಾರ್ಕಸ್ ಪ್ಯಾಟರ್ಸನ್ ಎಂಬ ವೈದ್ಯರು 20ನೇ ಶತಮಾನದ ಆರಂಭದಲ್ಲೇ ರೋಗಿಗಳಿಗೆ ಏರಿಕೆಯ ದುಡಿಮೆ ಕೊಡುತ್ತಿದ್ದರು: ಮೊದಲು ನಡಿಗೆ, ಬಳಿಕ ಹಗುರ ಬುಟ್ಟಿಯಲ್ಲಿ ಮಣ್ಣು, ಆಮೇಲೆ ಭಾರದ ಬುಟ್ಟಿ, ಕೊನೆಗೆ ಸಲಿಕೆ. ಪ್ಯಾಪ್‌ವರ್ತ್‌ನಲ್ಲಿ ವ್ಯಾರಿಯರ್ ಜೋನ್ಸ್ ಗುಣಮುಖರಾದವರಿಗೆ ಕೆಲಸ, ಮನೆ ಎರಡೂ ಇರುವ ಹಳ್ಳಿಯನ್ನೇ ಕಟ್ಟಿದರು. ರೋಗ ವಾಸಿ ಮಾಡುವಷ್ಟಕ್ಕೆ ವೈದ್ಯರ ಹೊಣೆ ಮುಗಿಯದು, ದುಡಿಯುವಂತೆ ಮಾಡಿ ಕಳಿಸಬೇಕು ಎಂಬುದು ಅವರ ನಿಲುವು. ಅದು ನಮಗೆ ಇವತ್ತು ಬೇಕು.

ವಾರ ವಾರದ ದಾರಿ

ಪುನಶ್ಚೇತನ ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭವಾಗಬೇಕು. ಬೀಡಿ ಬಿಡುವುದು, ತೂಕ ಏರಿಸುವುದು, ಆಳವಾಗಿ ಉಸಿರೆಳೆದು ಕೆಮ್ಮುವುದನ್ನು ನೋವಿಲ್ಲದಾಗಲೇ ಕಲಿಯುವುದು.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಪಕ್ಕೆಯಿಂದ ನಳಿಕೆಯೊಂದು ಹೊರಟು ನೀರಿನ ಬಾಟಲಿಗೆ ಇಳಿದಿರುತ್ತದೆ. ಎದೆಯ ಗಾಳಿ, ದ್ರವ ಹೊರಬರುವುದು ಆ ದಾರಿಯಲ್ಲಿ. ಬಾಟಲಿ ಎದೆಗಿಂತ ಕೆಳಗೇ ಇರಬೇಕು. ಕೊಯ್ದ ಪಕ್ಕೆ ನೋಯುವುದರಿಂದ ರೋಗಿ ಮೇಲುಮೇಲೆ ಉಸಿರಾಡುತ್ತಾರೆ, ಕೆಮ್ಮು ತಡೆಯುತ್ತಾರೆ. ಕಫ ಒಳಗೇ ನಿಂತು ಉಳಿದ ಹಾಲೆಯ ಗಾಳಿದಾರಿ ಮುಚ್ಚುತ್ತದೆ, ಹಾಲೆ ಮುದುಡುತ್ತದೆ, ನ್ಯುಮೋನಿಯಾ ಬರುತ್ತದೆ. ಕ್ಷಯದ ಎದೆಗೆ ಇನ್ನೂ ಒಂದು ತೊಡಕು: ಗಾಯದ ಕಲೆಯಿಂದ ಬಿರುಸಾದ ಶ್ವಾಸಕೋಶ ಸುಲಭವಾಗಿ ಹಿಗ್ಗಿ ಖಾಲಿ ಜಾಗ ತುಂಬುವುದಿಲ್ಲ. ಆ ಖಾಲಿ ಜಾಗದಲ್ಲಿ ಸೋಂಕು ಕೂರಬಹುದು. ಆದ್ದರಿಂದಲೇ ಗಂಟೆಗೊಮ್ಮೆ ಆಳವಾದ ಉಸಿರು, ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನದಲ್ಲಿ ಉಸಿರೆಳೆಯುವ ಅಭ್ಯಾಸ, ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದು ಕೆಮ್ಮುವುದು. ನೋವಿನ ಮಾತ್ರೆ ಬೇಡವೆಂದು ಸಹಿಸಿಕೊಳ್ಳುವುದು ಶೌರ್ಯವಲ್ಲ. ನೋವು ತಗ್ಗಿದರೆ ಮಾತ್ರ ಉಸಿರು ಆಳಕ್ಕಿಳಿಯುತ್ತದೆ. ಸಾಧ್ಯವಾದರೆ ಮರುದಿನವೇ, ಬಾಟಲಿ ಕೈಯಲ್ಲಿ ಹಿಡಿದು, ವಾರ್ಡಿನಲ್ಲಿ ನಾಲ್ಕು ಹೆಜ್ಜೆ.

ಕೊಯ್ತದ ದಾರಿಯಲ್ಲಿ ಬೆನ್ನಿನ ಮತ್ತು ಹೆಗಲಿನ ದೊಡ್ಡ ಸ್ನಾಯುಗಳಿರುತ್ತವೆ. ತೋಳು ಎತ್ತದೆ ಬಿಟ್ಟರೆ ಹೆಗಲು ಬಿಗಿದುಕೊಳ್ಳುತ್ತದೆ, ಆಮೇಲೆ ಕುಡುಗೋಲು ಹಿಡಿಯುವುದೂ ಕಷ್ಟ, ತಲೆ ಬಾಚುವುದೂ ಕಷ್ಟ. ಗೋಡೆಯ ಮೇಲೆ ಬೆರಳುಗಳಿಂದ ಹತ್ತುವಂತೆ ಕೈ ಏರಿಸುವುದು ಸುಲಭವಾದ ಮದ್ದು.

ಮನೆಗೆ ಬಂದ ಮೊದಲ ಆರರಿಂದ ಎಂಟು ವಾರ ಕೊಡಪಾನ, ಮೂಟೆ ಎತ್ತಬಾರದು. ನಡೆಯುವುದಕ್ಕೆ ಈ ನಿಷೇಧವಿಲ್ಲ. ದಿನಕ್ಕೆ ಎರಡು ಹೊತ್ತು, ಮೊದಲು ಐದೈದು ನಿಮಿಷ, ವಾರ ವಾರಕ್ಕೆ ಸ್ವಲ್ಪ ಹೆಚ್ಚು. ವೇಗಕ್ಕೊಂದು ಅಳತೆ: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ತಿಂಗಳ ನಂತರ ಬಲದ ಅಭ್ಯಾಸ: ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಒಂದು ಲೀಟರ್ ನೀರಿನ ಬಾಟಲಿ ಎತ್ತುವುದು, ಮೆಟ್ಟಿಲು ಹತ್ತುವುದು. ಬಾಗುವಾಗ, ಎತ್ತುವಾಗ ತುಟಿ ಸೇರಿಸಿ ಉಸಿರು ಬಿಡಬೇಕು. ಉಸಿರು ಹಿಡಿದು ಭಾರ ಎತ್ತಬಾರದು.

ಪ್ರಗತಿ ಅಳೆಯಲು ಆರು ನಿಮಿಷದ ನಡಿಗೆ ಪರೀಕ್ಷೆ ಸಾಕು. ಮೂವತ್ತು ಮೀಟರ್ ಸಮತಟ್ಟಾದ ಜಾಗ, ಗಡಿಯಾರ, ಬೆರಳಿಗೆ ಹಾಕುವ ಆಕ್ಸಿಮೀಟರ್. ಆರು ನಿಮಿಷದಲ್ಲಿ ಎಷ್ಟು ದೂರ ಎಂದು ಬರೆದಿಡುವುದು. ತಿಂಗಳುಗಳ ನಂತರ ಆ ದೂರ ಮೂವತ್ತು ಮೀಟರ್ ಹೆಚ್ಚಿದರೂ ರೋಗಿಗೆ ತನ್ನ ಮೈಯಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ. ಆಮ್ಲಜನಕದ ಮಟ್ಟ ಶೇ 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಕೆಲವು ಲಕ್ಷಣ ಕಂಡರೆ ಕಾಯಬಾರದು: ರಕ್ತ ಕೆಮ್ಮುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆಬಡಿತ ತಾಳ ತಪ್ಪುವುದು, ಮತ್ತೆ ಜ್ವರ ಬರುವುದು, ಒಮ್ಮೆಲೇ ಬಾಯಿತುಂಬ ನೀರಾದ ಕಫ ಬರುವುದು. ಕೊನೆಯದು ಹೊಲಿಗೆ ಹಾಕಿದ ಗಾಳಿಕೊಳವೆ ಬಿಚ್ಚಿಕೊಂಡಿರುವ ಸೂಚನೆ ಇರಬಹುದು. ಕೊಯ್ದ ಪಕ್ಕೆ ಕೆಳಗಾಗುವಂತೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಊರಿನ ಕೆಲಸ, ಊರಿನ ಊಟ

ಪುನಶ್ಚೇತನದ ಗುರಿ ರೋಗಿಯ ಕಸುಬಿಗೆ ಹೊಂದಬೇಕು. ಚನ್ನರಾಯಪಟ್ಟಣದಲ್ಲಿ ಮರ ಹತ್ತುತ್ತಿದ್ದವರು ಮತ್ತೆ ಹತ್ತುವುದು ಬೇಡ. ತೋಳಿನ ಬಲದಲ್ಲಿ ಮೈ ಎಳೆದುಕೊಳ್ಳುವ ಕೆಲಸ ಉಸಿರನ್ನು ಅತಿ ಹೆಚ್ಚು ಕೇಳುತ್ತದೆ. ಅದೇ ತೋಟದಲ್ಲಿ ಹನಿ ನೀರಾವರಿ ನೋಡುವುದು, ಸಸಿ ಬೆಳೆಸುವುದು ಸಾಧ್ಯ. ಆಲೂಗಡ್ಡೆಯ ಐವತ್ತು ಕೆ.ಜಿ. ಮೂಟೆಯ ಬದಲು ಆಯುವ, ತೂಗುವ ಕೆಲಸ ಹಿಡಿಯಬಹುದು. ಅರಕಲಗೂಡಿನ ತಂಬಾಕು ಬೆಳೆಗಾರರ ಸಮಸ್ಯೆ ಇನ್ನೂ ಆಳದ್ದು. ರಾಮನಾಥಪುರದ ಹರಾಜು ಕಟ್ಟೆಗೆ ಹೋಗುವ ಎಲೆ ಮೊದಲು ಬ್ಯಾರನ್ ಎಂಬ ಹದಮನೆಯಲ್ಲಿ ಬೇಯಬೇಕು. ಸೌದೆಯ ಹೊಗೆ, ಎಲೆ ವಿಂಗಡಿಸುವಾಗಿನ ದೂಳು ಎರಡೂ ಉಳಿದ ಹಾಲೆಗಳಿಗೆ ಶತ್ರು. ಹದ ಮಾಡುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳುವುದೇ ಸರಿ. ಹೆಂಗಸರಿಗೆ ಒಲೆಯ ಹೊಗೆಯೂ ಅಷ್ಟೇ ಕೆಟ್ಟದ್ದು. ಸಿಲಿಂಡರ್ ಇದ್ದೂ ಸೌದೆ ಉರಿಸುವ ಮನೆಗಳಲ್ಲಿ ಕನಿಷ್ಠ ಈ ಒಬ್ಬರ ಅಡುಗೆ ಸರದಿಯಾದರೂ ಗ್ಯಾಸ್ ಮೇಲೆ ಆಗಲಿ.

ಊಟವಿಲ್ಲದೆ ವ್ಯಾಯಾಮ ಸ್ನಾಯು ಕಟ್ಟದು. ಇದಕ್ಕೆ ಬಲವಾದ ಪುರಾವೆ ಕೊಟ್ಟವರು ಕರ್ನಾಟಕದಲ್ಲಿ ಕೆಲಸ ಮಾಡುವವರೇ: ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನ. 2,800 ಕ್ಷಯರೋಗಿಗಳಿಗೆ ದಿನಕ್ಕೆ 1,200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್ ಸಿಗುವ ಪಡಿತರ ಕೊಟ್ಟರು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಇವರು ಶಸ್ತ್ರಚಿಕಿತ್ಸೆಯ ರೋಗಿಗಳಲ್ಲ. ಆದರೆ ಕೊಯ್ತದ ಗಾಯವನ್ನೂ ಮಾಯಿಸಬೇಕಾದ ದೇಹಕ್ಕೆ ಊಟ ಇನ್ನೂ ಹೆಚ್ಚು ಬೇಕೆಂಬುದು ಸ್ಪಷ್ಟ. ನಮ್ಮ ಸೀಮೆಯಲ್ಲಿ ಅದಕ್ಕೆ ಡಬ್ಬಿ ಪುಡಿ ಹುಡುಕಬೇಕಿಲ್ಲ. ಮುದ್ದೆಯ ಜೊತೆ ನೀರುಸಾರಿನ ಬದಲು ಹುರುಳಿ, ಅವರೆ, ಅಲಸಂದೆಯ ಗಟ್ಟಿ ಸಾರು, ಎರಡು ಮೊಟ್ಟೆ, ಹಾಲು, ಒಂದು ಹಿಡಿ ಕಡಲೆಕಾಯಿ. ಹೊಟ್ಟೆ ತುಂಬಿ ವಪೆಯನ್ನು ಒತ್ತದಂತೆ ಸ್ವಲ್ಪಸ್ವಲ್ಪವಾಗಿ ಐದಾರು ಸಲ ತಿನ್ನುವುದು ಒಳ್ಳೆಯದು. ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿದೆ. ಅದು ರೋಗಿಯ ತಟ್ಟೆಗೇ ತಲುಪಲಿ.

ತಟ್ಟೆಯ ಮಾತು ಬಂದಾಗ ಇನ್ನೊಂದು ಹೇಳಲೇಬೇಕು. ಕ್ಷಯ ಹರಡುವುದು ಗಾಳಿಯಿಂದ, ತಟ್ಟೆ ಲೋಟದಿಂದ ಅಲ್ಲ. ಕಫದಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದು ಪರೀಕ್ಷೆ ಹೇಳಿದ ಮೇಲೂ ತಟ್ಟೆ ಬೇರೆ ಇಡುವುದು, ಕೂಲಿಗೆ ಕರೆಯದಿರುವುದು, ಮದುವೆಯ ಮಾತು ಮುರಿಯುವುದು ಅನ್ಯಾಯ. ಆಸ್ಪತ್ರೆಯಿಂದ ಬಂದವರ ಮನಸ್ಸು ಕುಗ್ಗಲು ಇದಕ್ಕಿಂತ ಬೇರೆ ಕಾರಣ ಬೇಡ. ಮನಸ್ಸು ಕುಗ್ಗಿದವರು ನಡಿಗೆಯನ್ನೂ ಬಿಡುತ್ತಾರೆ, ಮಾತ್ರೆಯನ್ನೂ ಬಿಡುತ್ತಾರೆ.

ಜಿಲ್ಲೆಯೊಳಗೇ ಆಗಬೇಕಾದ್ದು

ದೊಡ್ಡ ಶಸ್ತ್ರಚಿಕಿತ್ಸೆಗೆ ಮೈಸೂರು, ಬೆಂಗಳೂರಿಗೆ ಹೋಗುವುದು ಸಹಜ. ಹೊಳೆನರಸೀಪುರದವರಿಗೆ ಮೈಸೂರಿನ ರೈಲಿದೆ, ಚನ್ನರಾಯಪಟ್ಟಣದವರಿಗೆ ಬೆಂಗಳೂರಿನ ರೈಲಿದೆ. ಆದರೆ ವಾರಕ್ಕೆರಡು ಸಲದ ಅಭ್ಯಾಸಕ್ಕೆ ಯಾರೂ ಅಷ್ಟು ದೂರ ಹೋಗಲಾರರು. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅರಕಲಗೂಡೂ ಸೇರಿ ಮೂರೂ ತಾಲ್ಲೂಕು ಕೇಂದ್ರಗಳು ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ಒಳಗೇ ಇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತು ಮೀಟರ್ ವರಾಂಡ, ತಿಂಗಳಿಗೊಮ್ಮೆ ನೋಡುವ ಫಿಸಿಯೊಥೆರಪಿಸ್ಟ್, ಮಾತ್ರೆ ವಿಚಾರಿಸಲು ಬರುವಾಗಲೇ ‘ಇವತ್ತು ಎಷ್ಟು ನಡೆದ್ರಿ?’ ಎಂದೂ ಕೇಳುವ ಆಶಾ ಕಾರ್ಯಕರ್ತೆ. ಇಷ್ಟು ಜೋಡಿಸಿದರೆ ಪುನಶ್ಚೇತನದ ಬಹುಪಾಲು ಕೆಲಸ ಊರಲ್ಲೇ ನಡೆಯುತ್ತದೆ. ಕ್ಷಯ ಗುಣವಾದ ಮೇಲೆ ಉಳಿಯುವ ಶ್ವಾಸಕೋಶದ ತೊಂದರೆಯನ್ನು ಪ್ರತ್ಯೇಕ ಕಾಯಿಲೆಯಾಗಿ ಪರಿಗಣಿಸಿ, ಚಿಕಿತ್ಸೆ ಮುಗಿದ ಪ್ರತಿ ರೋಗಿಯನ್ನೂ ಪರೀಕ್ಷಿಸಬೇಕೆಂದು 2021ರ ಅಂತರರಾಷ್ಟ್ರೀಯ ಮಾನದಂಡಗಳು ಹೇಳಿವೆ. ಕೊನೆಯ ಮಾತ್ರೆಯ ದಿನ ರೋಗಿಯ ಕಡತ ಮುಚ್ಚುವ ಪದ್ಧತಿ ಬದಲಾಗಲೇಬೇಕು.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ನಿಮ್ಮ ಮನೆಯವರೊಬ್ಬರು ಇಂಥ ಶಸ್ತ್ರಚಿಕಿತ್ಸೆ ಮುಗಿಸಿ ಹೊರಡುವ ದಿನ ವೈದ್ಯರಲ್ಲಿ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ: ಮಾತ್ರೆ ಯಾವ ತಿಂಗಳವರೆಗೆ? ದಿನಕ್ಕೆ ಎಷ್ಟು ನಡೆಯಬೇಕು? ಭಾರ ಎತ್ತುವುದು ಯಾವಾಗಿನಿಂದ, ಎಷ್ಟು? ನಮ್ಮೂರಿಗೆ ಹತ್ತಿರ ಉಸಿರಿನ ವ್ಯಾಯಾಮ ಕಲಿಸುವವರು ಯಾರು? ಉತ್ತರ ಸಿಗದಿದ್ದರೆ ಜಿಲ್ಲಾ ಕ್ಷಯರೋಗ ಕೇಂದ್ರಕ್ಕೆ ಹೋಗಿ, ಇಲ್ಲವೇ ನಿಕ್ಷಯ್ ಸಂಪರ್ಕ್‌ನ ಉಚಿತ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ.